ಕೆಂಪು ಕಾರಿನ ಇಪ್ಪತ್ತಮೂರು ಚಕ್ಕೆಗಳು

ಕಪಿಲಾ ನದಿಯ ದಂಡೆಯಲ್ಲಿ ಖಲಂದರ್ ಉಸ್ತಾದರ ಶೆಡ್ಡು. ಹಳೆಯ ಕಾರುಗಳ ಬಣ್ಣ ರಿಪೇರಿ ಮಾಡುವುದು ಅವರ ಕಸುಬು. ನಲವತ್ತೈದು ವರ್ಷದಿಂದ ಅದೊಂದನ್ನೇ ಮಾಡಿಕೊಂಡು ಬಂದವರು.

ಅವರಿಗೆ ಒಬ್ಬಳೇ ಶಿಷ್ಯೆ, ಇಂದುಮತಿ. ವಯಸ್ಸು ಮೂವತ್ತಾರು. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದಳು. ಫ್ಲೆಕ್ಸ್ ಬಂತು, ಆ ಕೆಲಸ ಹೋಯಿತು. ಕೈ ಮಾತ್ರ ಉಳಿಯಿತು. ಕುಂಚ ಹಿಡಿದರೆ ಕೂದಲೆಳೆಯಷ್ಟೂ ಅಲುಗದ ಕೈ.

ಬಂದ ಮೊದಲ ದಿನವೇ ಅವಳು ಕೇಳಿದ್ದಳು, "ಕಲಿಯೋಕೆ ಎಷ್ಟು ದಿನ ಬೇಕು, ಉಸ್ತಾದ್?"

"ಬಣ್ಣ ಹಚ್ಚೋದಾ? ಅದು ನಿಂಗೆ ಆಗಲೇ ಬರುತ್ತೆ."

"ಮತ್ತೆ ಇಲ್ಲಿ ಏನು ಕಲೀಬೇಕು?"

"ಕೆರೆಯೋದು," ಅಂದರು ಉಸ್ತಾದರು.

ಎರಡು ವರ್ಷ ಅವಳು ಕೆರೆದಳು. ಹಳೇ ಬಣ್ಣ ಕೆರೆದಳು, ತುಕ್ಕು ಕೆರೆದಳು. ಉಸ್ತಾದರು ಬಣ್ಣ ಹಚ್ಚುವಾಗ ಪಕ್ಕದಲ್ಲಿ ನಿಂತು ನೋಡಿದಳು.

ಮೂರನೆಯ ವರ್ಷ ಆ ಕೆಂಪು ಕಾರು ಬಂತು.

ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಸ್ಪೋರ್ಟ್ಸ್ ಕಾರು. ನಲವತ್ತು ವರ್ಷ ಹಳೆಯದು. ಓಡಿಸಿಕೊಂಡು ಬಂದವರು ಮೈಸೂರಿನ ಪೂವಮ್ಮ. ಕಾಲೇಜಿನಲ್ಲಿ ಆಟ ಹೇಳಿಕೊಡುತ್ತಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದವರು. ಮೂವತ್ತರ ಹರೆಯದಲ್ಲಿ ಇದೇ ಕಾರನ್ನು ರ‍್ಯಾಲಿಗಳಲ್ಲಿ ಪಂದ್ಯಕ್ಕೆ ಓಡಿಸಿದ್ದರು.

"ಜಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡೆ," ಅಂದರು ಪೂವಮ್ಮ. "ಮುಂದೆಲ್ಲ ಚಕ್ಕೆ ಎದ್ದುಹೋಗಿದೆ. ಬರೋ ಭಾನುವಾರ ಹಳೇ ಕಾರಿನವರೆಲ್ಲ ಸೇರಿ ಮಡಿಕೇರಿಗೆ ಹೋಗ್ತಿದ್ದೀವಿ. ಅಷ್ಟರೊಳಗೆ ಆಗುತ್ತಾ?"

"ಪೂರ್ತಿ ಹೊಸ ಬಣ್ಣ ಹೊಡೆದುಬಿಡೋಣವಾ?" ಉಸ್ತಾದರು ಕೇಳಿದರು.

"ಬೇಡ. ಇದು ಹುಟ್ಟಿದಾಗಿನ ಬಣ್ಣ. ಎಷ್ಟಿದೆಯೋ ಅಷ್ಟು ಉಳೀಲಿ."

ಉಸ್ತಾದರು ಇಂದುಮತಿಯ ಕಡೆ ತಿರುಗಿದರು.

"ಇದು ನಿಂದು."

ಅವಳು ಪೂವಮ್ಮನವರ ಎದುರೇ ಎಣಿಸಿದಳು. ಬಣ್ಣ ಎದ್ದ ಇಪ್ಪತ್ತಮೂರು ಚಕ್ಕೆ. ಕೆಲವು ಸಾಸಿವೆಯಷ್ಟು, ಕೆಲವು ಕಡಲೆಬೇಳೆಯಷ್ಟು.

ಡಬ್ಬಿಯಲ್ಲಿದ್ದ ಕೆಂಪು ಬಣ್ಣ ಕಾರಿನ ಬಣ್ಣಕ್ಕೆ ಹೊಂದಲಿಲ್ಲ. ನಲವತ್ತು ವರ್ಷದ ಬಿಸಿಲು ಅದನ್ನು ಬೇರೆಯೇ ಕೆಂಪು ಮಾಡಿತ್ತು. ಅವಳು ಒಂದು ತೊಟ್ಟು ಬಿಳಿ ಸೇರಿಸಿದಳು, ಕಡ್ಡಿಯ ತುದಿಯಷ್ಟು ಹಳದಿ ಸೇರಿಸಿದಳು. ಕಾರಿನ ಪಕ್ಕ ಹಿಡಿದು ನೋಡಿದಳು. ಮತ್ತೆ ಬೆರೆಸಿದಳು. ಹನ್ನೊಂದನೆಯ ಸಲಕ್ಕೆ ಎರಡೂ ಒಂದಾದವು.

ಒಂದೊಂದು ಚಕ್ಕೆಯನ್ನೂ ಸೂಜಿಯಿಂದ ತಳದ ತಗಡು ಕಾಣುವವರೆಗೆ ಕೆರೆದಳು. ಒರೆಸಿದಳು. ಬಣ್ಣದ ಅಡಿಗೆ ಒಂದು ಹನಿ ಪ್ರೈಮರ್ ಇಟ್ಟಳು. ಒಣಗಿದ ಮೇಲೆ ಬಣ್ಣ, ತೆಳ್ಳಗೆ, ಒಂದರ ಮೇಲೊಂದು. ನೀರು ಹಾಕಿ ನಯವಾದ ಉಪ್ಪುಕಾಗದದಿಂದ ತಿಕ್ಕಿದಳು. ಕೊನೆಗೆ ಪಾಲಿಶ್. ಬಟ್ಟೆಗೆ ಹಳೆಯ ಕೆಂಪು ಸ್ವಲ್ಪ ಸ್ವಲ್ಪ ಅಂಟಿಕೊಂಡು ಬರುತ್ತಿತ್ತು.

ಇಪ್ಪತ್ತೆರಡು ಮುಗಿದವು. ಎಲ್ಲಿದ್ದವು ಎಂದು ಸ್ವತಃ ಅವಳೂ ಹುಡುಕಬೇಕಾಗುತ್ತಿತ್ತು.

ಇಪ್ಪತ್ತಮೂರನೆಯದು ಎಡಗಡೆಯ ಮುಂದಿನ ಮಡ್ಗಾರ್ಡಿನ ಅಂಚಿನಲ್ಲಿತ್ತು. ಸೂಜಿ ಇಟ್ಟಳು. ತುದಿಗೆ ಕಂದು ಪುಡಿ ಬಂತು. ಸುತ್ತಲಿನ ಬಣ್ಣ ಹಪ್ಪಳದ ಹಾಗೆ ಸ್ವಲ್ಪ ಮೇಲೆದ್ದಿತು.

ತುಕ್ಕು ಒಳಗೆ ಎಲ್ಲಿಯವರೆಗೆ ಹರಿದಿದೆಯೋ ಗೊತ್ತಿಲ್ಲ. ಬಿಡಿಸುತ್ತ ಹೋದರೆ ಹೆಬ್ಬೆಟ್ಟಿನಷ್ಟಾದರೂ ಅಗಲವಾಗುತ್ತದೆ. ಇನ್ನೂ ಮೂರು ದಿನ ಬೇಕು. ಅಂದು ಶುಕ್ರವಾರ ಮಧ್ಯಾಹ್ನ. ಪೂವಮ್ಮ ಬರುವುದು ಶನಿವಾರ ಬೆಳಿಗ್ಗೆ.

ಅವಳು ಸ್ವಲ್ಪ ಹೊತ್ತು ಸೂಜಿ ಹಿಡಿದು ಕೂತಳು. ಆಮೇಲೆ ಪ್ರೈಮರ್ ಹನಿ ಇಟ್ಟಳು. ಅದರ ಮೇಲೆ ಬಣ್ಣ. ಇಪ್ಪತ್ತಮೂರರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು.

ಬೆಳಿಗ್ಗೆ ಉಸ್ತಾದರು ಕೇಳಿದರು, "ಎಲ್ಲದರ ತಳ ಕಂಡೆಯಾ?"

"ಕಂಡೆ, ಉಸ್ತಾದ್."

ಉಸ್ತಾದರು ಕಾರನ್ನು ನೋಡಲಿಲ್ಲ. ಅವಳನ್ನು ನೋಡಿದರು. ಆಮೇಲೆ ಟೀ ಕುಡಿಯಲು ಹೋದರು.

ಪೂವಮ್ಮ ಬಂದರು. ಕನ್ನಡಕ ಏರಿಸಿದರು, ಇಳಿಸಿದರು. "ಎಲ್ಲಿ ಹೋದವು?" ಎಂದು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

"ಮೇಲೆ ಮೇಣ ಹಚ್ಚಿದ್ದೀವಿ," ಅಂದರು ಉಸ್ತಾದರು. "ಬಣ್ಣ ಉಳೀಬೇಕಾದ್ರೆ ಸರಿಯಾಗಿ ತೊಳೀಬೇಕು. ತಿಂಗಳಿಗೊಂದು ಸಲ ಇವಳೇ ಬಂದು ತೊಳೆದುಕೊಡ್ತಾಳೆ."

ಕಾರು ಹೋದ ಮೇಲೆ ಇಂದುಮತಿ ಸಿಡುಕಿದಳು. "ತೊಳೆಯೋಕೆ ನಾನೇ ಆಗಬೇಕಾ? ಬಣ್ಣ ಮಾಡಿದೋಳು ನಾನು."

"ಅದಕ್ಕೇ."

"ಎಷ್ಟು ತಿಂಗಳು ಹೋಗಲಿ?"

"ಸಾಕು ಅನ್ನಿಸೋವರೆಗೆ."

"ಯಾರಿಗೆ?"

ಉಸ್ತಾದರು ಹಿಡಿ ಹಾಕಿದ ಸೂಜಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. "ತೊಳೆದಾದ ಮೇಲೆ ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರು ಹಾಕ್ಕೊಂಡು ಮೈಯೆಲ್ಲ ಸವರು. ಬರಿಗೈಗೆ ತಿಳಿಯದ್ದು ಆಗ ತಿಳಿಯುತ್ತೆ," ಅಂದರು.

ಮೊದಲ ತಿಂಗಳು ಬಸ್ಸು ಹತ್ತಿ ಮೈಸೂರಿಗೆ ಹೋದಳು. ಮೇಲಿನಿಂದ ಕೆಳಕ್ಕೆ ನೀರು ಬಿಟ್ಟಳು, ತೊಳೆದಳು, ಒರೆಸಿದಳು. ಕವರು ಹಾಕಿಕೊಂಡು ಸವರಿದಳು. ಗಾಜಿನ ಹಾಗಿತ್ತು.

ಎರಡನೆಯ ತಿಂಗಳೂ ಹಾಗೇ ಇತ್ತು. ಅಂದು ಪೂವಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ರಿಂಗ್ ರೋಡಿನಲ್ಲಿ ಗಾಳಿಗೆ ಇಂದುಮತಿಯ ಜಡೆ ಬಿಚ್ಚಿಹೋಯಿತು. ಇಬ್ಬರೂ ನಕ್ಕರು.

"ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿದ್ದೀನಿ," ಅಂದರು ಪೂವಮ್ಮ. "ಮೂರು ಜನ ತಮ್ಮ ಕಾರು ನಿನ್ನ ಕೈಗೇ ಕೊಡ್ತಾರಂತೆ. ಉಸ್ತಾದರ ಕೈಗಲ್ಲ, ನಿನ್ನ ಕೈಗೆ."

ಮೂರನೆಯ ತಿಂಗಳು ಎಡ ಮಡ್ಗಾರ್ಡಿನ ಅಂಚಿನಲ್ಲಿ ಕವರಿನ ಕೈ ತಡೆಯಿತು. ಎಳ್ಳಿನಷ್ಟು ಉಬ್ಬು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಅವಳು ಅದರ ಮೇಲೆ ಇನ್ನೊಂದು ಪದರ ಮೇಣ ಹಚ್ಚಿದಳು. ಪೂವಮ್ಮ ಕಾಫಿ ಕೊಟ್ಟರೆ ಬೇಡವೆಂದು ಹೇಳಿ ಬಸ್ಸು ಹಿಡಿದಳು.

ಮಾರನೆಯ ದಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತ ಕೇಳಿದಳು, "ಉಸ್ತಾದ್, ಒಳಗೆ ತುಕ್ಕಿದ್ದರೆ ಮೇಲೆ ಬರೋಕೆ ಎಷ್ಟು ದಿನ ಹಿಡಿಯುತ್ತೆ?"

"ಯಾವ ಕಾರು?"

"ಯಾವುದೂ ಇಲ್ಲ. ಸುಮ್ನೆ ಕೇಳಿದೆ."

"ಸುಮ್ನೆ ಕೇಳೋರಿಗೆ ಬೇಗ ಬರುತ್ತೆ," ಅಂದರು ಉಸ್ತಾದರು.

ಆ ತಿಂಗಳು ಮಳೆ ಜೋರಾಗಿ ಬಂತು. ಅವಳು ಬೇರೆ ಕಾರುಗಳನ್ನು ಕೆರೆಯುವಾಗಲೂ ಬೆರಳಿನ ತುದಿಯಲ್ಲಿ ಆ ಎಳ್ಳು ಇರುತ್ತಿತ್ತು. ಊಟ ಕಲಸುವಾಗಲೂ ಇರುತ್ತಿತ್ತು.

ನಾಲ್ಕನೆಯ ತಿಂಗಳು ಹೋದಾಗ ಅದು ಅಕ್ಕಿಕಾಳಿನಷ್ಟಾಗಿತ್ತು. ಕೂತು ನೋಡಿದರೆ ಕಾಣುತ್ತಿತ್ತು.

ಪೂವಮ್ಮ ಬಾಗಿಲಲ್ಲಿ ನಿಂತಿದ್ದರು. ಮಂಡಿ ನೋವು ಹೆಚ್ಚಾಗಿ ಕೋಲು ಹಿಡಿದಿದ್ದರು.

"ಕೆಳಗೆಲ್ಲ ಹೇಗಿದೆ? ನಾನಂತೂ ಅಷ್ಟು ಬಗ್ಗಲಾರೆ. ನೋಡೋಕೆ ನೀನಿದ್ದೀಯಲ್ಲ," ಅಂದರು.

ಇಂದುಮತಿ ಕವರು ತೆಗೆದಳು. ಎದ್ದು ನಿಂತಳು.

"ಮೇಡಂ, ಇಲ್ಲಿ ಒಂದಿದೆ."

ಅವರನ್ನು ಕಾರಿನ ಹತ್ತಿರ ಕರೆದುಕೊಂಡು ಬಂದಳು. ಸ್ಟೂಲು ಹಾಕಿ ಕೂರಿಸಿದಳು. ಅವರ ಬೆರಳು ಹಿಡಿದು ಉಬ್ಬಿನ ಮೇಲೆ ಇಟ್ಟಳು.

"ಅಯ್ಯೋ. ಈ ಮಳೆಗೆ ಬಂತಾ?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ ಮೇಡಂ. ನಾನು ಬಣ್ಣ ಹಾಕುವಾಗಲೇ ಇತ್ತು. ಕಂಡಿದ್ದೆ. ಮುಚ್ಚಿದೆ."

ಪೂವಮ್ಮ ಬೆರಳು ತೆಗೆಯಲಿಲ್ಲ. ಉಬ್ಬನ್ನು ಸವರುತ್ತ ಕೇಳಿದರು, "ಮಿಕ್ಕ ಇಪ್ಪತ್ತೆರಡು?"

"ಅವು ಸರಿಯಾಗಿವೆ."

"ಅದನ್ನ ನಾನು ಹೇಗೆ ನಂಬಲಿ?"

ಇಂದುಮತಿ ಕೈಯಲ್ಲಿದ್ದ ಕವರನ್ನು ಮಡಿಚಿದಳು.

"ಗೊತ್ತಿಲ್ಲ, ಮೇಡಂ."

"ಹಾಗಾದ್ರೆ ಬಿಚ್ಚಿ ತೋರಿಸು. ಎಲ್ಲವನ್ನೂ."

ಮರುದಿನ ಕಾರು ಶೆಡ್ಡಿಗೆ ಬಂತು. ಇಂದುಮತಿ ಉಸ್ತಾದರ ಮುಂದೆ ನಿಂತು ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಬೈಯುತ್ತಾರೆ ಅಂದುಕೊಂಡಿದ್ದಳು. ಉಸ್ತಾದರು ಗೋಡೆಯ ಮೊಳೆಯಿಂದ ಆ ಸೂಜಿ ತೆಗೆದು ಅವಳ ಕೈಗೆ ಕೊಟ್ಟರು. ಪೂವಮ್ಮನವರಿಗೆ ಕುರ್ಚಿ ಹಾಕಿದರು.

ಅವಳು ಬಾನೆಟ್ಟಿನ ಮೇಲಿನ ಮೊದಲನೆಯದಕ್ಕೆ ಸೂಜಿ ಇಟ್ಟಳು. ಹನ್ನೊಂದು ಸಲ ಬೆರೆಸಿದ ಕೆಂಪು ಪುಡಿಯಾಗಿ ಉದುರಿತು. ಕೆಳಗೆ ಪ್ರೈಮರ್, ಅದರ ಕೆಳಗೆ ಹೊಳೆಯುವ ತಗಡು.

ಪೂವಮ್ಮ ಬಗ್ಗಿ ನೋಡಿದರು. "ಮುಂದಿನದು."

ಎರಡು. ಮೂರು. ಅವುಗಳ ಅಡಿಯಲ್ಲೂ ತಗಡು ಸ್ವಚ್ಛವಾಗಿತ್ತು. ತಾನೇ ಮಾಡಿದ್ದನ್ನು ತಾನೇ ಕೆಡಿಸುತ್ತ ಹೋದಳು.

ಒಂಬತ್ತನೆಯದು ಮುಗಿದಾಗ ಪೂವಮ್ಮ ಹೇಳಿದರು, "ಸಾಕು ಬಿಡು. ನಂಬಿದೆ."

ಸೂಜಿ ನಿಂತಿತು. ಇಂದುಮತಿ ಉಸ್ತಾದರ ಕಡೆ ನೋಡಿದಳು. ಉಸ್ತಾದರು ಹೊಳೆಯ ಕಡೆ ನೋಡುತ್ತಿದ್ದರು.

ಅವಳು ಹತ್ತನೆಯದಕ್ಕೆ ಸೂಜಿ ಇಟ್ಟಳು.

ಹದಿನೇಳನೆಯದರ ತಳದಲ್ಲಿ ಕಂದು ಚುಕ್ಕೆ ಇತ್ತು. ಸೂಜಿಮೊನೆಯಷ್ಟು. ಪೂವಮ್ಮ ಆಗ ನೀರು ಕುಡಿಯುತ್ತಿದ್ದರು, ನೋಡಿರಲಿಲ್ಲ.

"ಮೇಡಂ, ಇಲ್ಲೂ ಇದೆ."

ಪೂವಮ್ಮ ಲೋಟ ಕೆಳಗಿಟ್ಟರು. "ಇದನ್ನೂ ಕಂಡು ಮುಚ್ಚಿದ್ದಾ?"

"ಇಲ್ಲ. ಇದು ನನಗೆ ಕಂಡಿರಲೇ ಇಲ್ಲ."

ಪೂವಮ್ಮ ಅವಳ ಮುಖವನ್ನೇ ನೋಡಿದರು.

"ಸರಿ," ಅಂದರು. "ಮುಂದಿನದು."

ಕೊನೆಗೆ ಮಡ್ಗಾರ್ಡಿನ ಅಂಚು ಉಳಿಯಿತು. ಸೂಜಿ ಇಟ್ಟಳು. ಒತ್ತಲೇ ಇಲ್ಲ, ಅದು ತಾನಾಗಿ ಆಚೆ ಬದಿಗೆ ಹೋಯಿತು. ಕೆರೆಯುತ್ತ ಹೋದಂತೆ ತೂತು ಎರಡು ಬೆರಳಿನಷ್ಟಾಯಿತು. ಅದರೊಳಗಿಂದ ಕೆಳಗಿನ ನೆಲ ಕಾಣಿಸಿತು.

ಉಸ್ತಾದರು ಬಗ್ಗಿ ತೂತಿನ ಅಂಚಿನ ತಗಡನ್ನು ಬೆರಳಲ್ಲಿ ಒತ್ತಿ ನೋಡಿದರು.

ಇಪ್ಪತ್ತಾರು ದಿನ ಹಿಡಿಯಿತು. ಕೊಳೆತ ತಗಡು ಕತ್ತರಿಸಿದರು. ಉಸ್ತಾದರು ಹೊಸ ತುಂಡು ಬೆಸೆದರು. ಒಳಮೈಗೂ ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದರು. ಮಿಕ್ಕದ್ದೆಲ್ಲ ಇಂದುಮತಿಯದೇ. ಇಪ್ಪತ್ತೆರಡು ಮತ್ತೆ ಮಾಯವಾದವು. ಇಪ್ಪತ್ತಮೂರನೆಯದು ಆಗಲಿಲ್ಲ. ಅಷ್ಟು ಅಗಲದ ಹೊಸ ಬಣ್ಣ ಹಳೆಯದರ ಜೊತೆ ಪೂರ್ತಿ ಬೆರೆಯಲಿಲ್ಲ. ಓರೆ ಬಿಸಿಲಿನಲ್ಲಿ ಅಂಚು ತಿಳಿಯುತ್ತಿತ್ತು. ಅವಳು ಎರಡು ಸಲ ಬಣ್ಣ ತೆಗೆದು ಮತ್ತೆ ಹಾಕಿದಳು. ಮೂರನೆಯ ಸಲ ಉಸ್ತಾದರು ಬೇಡ ಅಂದರು.

ಅಷ್ಟರಲ್ಲಿ ಕ್ಲಬ್ಬಿನ ಮೂವರಲ್ಲಿ ಇಬ್ಬರು ತಮ್ಮ ಕಾರುಗಳನ್ನು ಬೇರೆ ಶೆಡ್ಡಿಗೆ ಒಯ್ದಿದ್ದರು. ಪೂವಮ್ಮ ನಡೆದದ್ದನ್ನು ಅವರಿಗೆ ಮುಚ್ಚಿಟ್ಟಿರಲಿಲ್ಲ.

ಪೂವಮ್ಮ ಕಾರು ಒಯ್ಯಲು ಸಂಜೆ ಬಂದರು. ಕೋಲು ಊರಿ ಮಡ್ಗಾರ್ಡಿನ ಹತ್ತಿರ ನಿಂತರು.

"ಇದು ಕಾಣುತ್ತೆ."

"ಕಾಣುತ್ತೆ, ಮೇಡಂ. ಇದಕ್ಕಿಂತ ಚೆನ್ನಾಗಿ ನನಗೆ ಬರಲಿಲ್ಲ."

ಪೂವಮ್ಮ ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡರು. ಎಂಜಿನ್ ಶುರುವಾಯಿತು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಮುಂದಿನ ತಿಂಗಳು ತೊಳೆಯೋಕೆ ಬರ್ತೀಯಾ ಇಲ್ಲವಾ?"

"ಬರ್ತೀನಿ."

"ಕಾಫಿ ಕುಡಿದೇ ಹೋಗಬೇಕು."

ಕಾರು ದಂಡೆಯ ಮಣ್ಣು ರಸ್ತೆ ದಾಟಿ ಹೋಯಿತು. ಶಬ್ದ ಕೇಳದಾಗುವವರೆಗೆ ಇಂದುಮತಿ ಅಲ್ಲೇ ನಿಂತಿದ್ದಳು.

ಉಸ್ತಾದರು ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕೂತು ಕುಂಚ ತೊಳೆಯುತ್ತಿದ್ದರು. ಅವಳು ಪಕ್ಕದಲ್ಲಿ ಕೂತು ಇನ್ನೊಂದು ಕುಂಚ ಎತ್ತಿಕೊಂಡಳು.

"ಆವತ್ತು ತಳ ಕಂಡೆಯಾ ಅಂತ ಕೇಳಿದಿರಿ," ಅಂದಳು. "ಕಂಡೆ ಅಂದೆ. ಆಗಲೇ ನಿಮಗೆ ಗೊತ್ತಿತ್ತಾ, ಉಸ್ತಾದ್?"

ಉಸ್ತಾದರು ಕುಂಚದ ಕೂದಲು ಹಿಂಡಿ ನೀರು ತೆಗೆದರು.

"ಕಾರಿನದ್ದು ಗೊತ್ತಿರಲಿಲ್ಲ."