ಬೇವಿನ ಮರ ಮುಟ್ಟುವ ಆಸೆ

"ಗುರುಗಳೇ, ನಮ್ಮೂರ ಮೈದಾನದಲ್ಲಿ ಆಡಬೇಡಿ ಎಂದು ಹೆಣ್ಣುಮಕ್ಕಳಿಗೆ ಯಾರೂ ಹೇಳಿಲ್ಲ. ಆದರೂ ಅವರು ಅಂಚಿನಲ್ಲೇ ಕೂರುತ್ತಾರೆ. ನಾನು ದಿನಾ ಪಕ್ಕದ ಕಟ್ಟೆಯ ಮೇಲೆ ಕೂತು ನೋಡುತ್ತೇನೆ. ಅವರಿಗೆ ಓಡುವ ಆಸೆಯೇ ಇಲ್ಲವೇ?" ಎಂದು ಶಿಷ್ಯ ಕೇಳಿದ.

"ಆಸೆ ಇಲ್ಲ ಅಂತ ನಿನಗೆ ಯಾರು ಹೇಳಿದರಪ್ಪ? ಕೇಳು" ಎಂದು ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬರು ಡ್ರಿಲ್ ಮೇಷ್ಟ್ರು ಇದ್ದರು. ಬಲು ನ್ಯಾಯವಂತರು. ಹಗ್ಗ ಹಿಡಿದು ಶಾಲೆಯ ಮೈದಾನವನ್ನು ಸಮನಾಗಿ ಎರಡು ಪಾಲು ಮಾಡಿದರು. ಒಂದು ಹುಡುಗರಿಗೆ, ಒಂದು ಹುಡುಗಿಯರಿಗೆ. ಹುಡುಗಿಯರ ಪಾಲಿನ ಪಕ್ಕದಲ್ಲೇ ಅರಳಿಕಟ್ಟೆ. ಊರ ಹಿರಿಯರೆಲ್ಲ ಅಲ್ಲೇ ಕೂರುತ್ತಿದ್ದರು.

ಹುಡುಗಿಯರು ಏಳಲಿಲ್ಲ. ಅವರಲ್ಲಿ ಒಬ್ಬಳ ಕಾಲು ಮಾತ್ರ ಕೂತಲ್ಲೇ ಕುಣಿಯುತ್ತಿತ್ತು. ಏಳನೆಯ ತರಗತಿ ಮುಗಿದರೆ ಅವಳಿಗೆ ಶಾಲೆಯೂ ಮುಗಿಯಿತು, ಮೈದಾನವೂ ಮುಗಿಯಿತು.

"ಯಾಕಮ್ಮ ಓಡೋದಿಲ್ಲ?" ಎಂದು ಮೇಷ್ಟ್ರು ಕೇಳಿದರು.

"ಆ ತುದಿಯ ಬೇವಿನ ಮರ ಮುಟ್ಟಿ ಬರಬೇಕು ಅಂತ ತುಂಬಾ ಆಸೆ ಸಾರ್. ಕನಸಲ್ಲಿ ದಿನಾ ಮುಟ್ಟಿ ಬರ್ತೀನಿ. ಆದರೆ ಕಟ್ಟೆ ಮೇಲೆ ದೊಡ್ಡಪ್ಪ ಇರ್ತಾರಲ್ಲ."

ಮೇಷ್ಟ್ರು ಕಟ್ಟೆಗೆ ಹೋಗಿ ಕೇಳಿದರು. "ನಾವು ಬೇಡ ಅಂದ್ವಾ? ಓಡಲಿ ಬಿಡಿ. ನಮ್ಮ ಪಾಡಿಗೆ ನಾವು ಕೂತಿರ್ತೀವಿ" ಎಂದರು ಹಿರಿಯರು. ಕೆಟ್ಟವರೇನಲ್ಲ.

ಒಂದು ದಿನ ಹಿರಿಯರೆಲ್ಲ ಸಂತೆಗೆ ಹೋದರು. ಕಟ್ಟೆ ಖಾಲಿಯಾಯಿತು. ಹುಡುಗಿ ಎದ್ದಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಜಡೆ ಬಿಚ್ಚಿತು, ನಿಂತು ಕಟ್ಟಿಕೊಳ್ಳಲಿಲ್ಲ. ಬೇವಿನ ಮರ ಇನ್ನೇನು ಕೈಗೆ ಸಿಗಬೇಕು, ಹಿಂದೆ ಒಂದು ಕೆಮ್ಮು ಕೇಳಿಸಿತು.

ದೊಡ್ಡಪ್ಪ ಸಂತೆಯಿಂದ ಬೇಗ ಮರಳಿದ್ದ. ಆ ಊರಿನಲ್ಲಿ ಹೆಂಗಸರಿರುವ ಕಡೆ ಗಂಡಸರು ಕೆಮ್ಮಿಯೇ ಬರಬೇಕು. ಸೆರಗು ಸರಿಮಾಡಿಕೊಳ್ಳಲು ಹೊತ್ತು ಕೊಡಬೇಕಲ್ಲ, ಅದು ಮರ್ಯಾದೆ. ಅವನೂ ಮರ್ಯಾದೆಗೆಂದೇ ಕೆಮ್ಮಿದ.

ಹುಡುಗಿ ನಿಂತಳು. ಲಂಗ ಇಳಿಸಿದಳು. ನಡೆದು ಬಂದು ಅಂಚಿನಲ್ಲಿ ಕೂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಬೇಸಿಗೆ ಬಂತು, ಅವಳ ಶಾಲೆ ಮುಗಿಯಿತು. ಈಗಲೂ ಆ ದಾರಿಯಲ್ಲಿ ನೀರಿಗೆ ಬಂದಾಗ ಕೊಡ ಇಳಿಸಿ ಆ ಮರವನ್ನೇ ನೋಡುತ್ತಾಳಂತೆ.

"ಆ ದೊಡ್ಡಪ್ಪನಿಗೆ ಯಾರೂ ಬುದ್ಧಿ ಹೇಳಲಿಲ್ಲವೇ?" ಎಂದ ಶಿಷ್ಯ.

"ಅದಿರಲಿ, ನೀನು ದಿನಾ ಎಲ್ಲಿ ಕೂತು ನೋಡುತ್ತೇನೆ ಅಂದೆಯಪ್ಪ?" ಎಂದರು ಗುರು.

ಉತ್ತರ ಹೇಳಲೆಂದು ಶಿಷ್ಯ ಮೆಲ್ಲಗೆ ಕೆಮ್ಮಿದ. ತನ್ನ ಕೆಮ್ಮು ತನಗೇ ಕೇಳಿಸಿತು.