ಕರಿಕಲ್ಲಿನ ಮೈಯಲ್ಲಿ ಬಿಳಿ ಹರಳು

ನೆಲ ಇನ್ನೂ ಬೆಚ್ಚಗಿದ್ದ ಕಾಲ. ಬೆಂಕಿ ಕಾರಿದ ಬೆಟ್ಟಗಳು ಆಗಷ್ಟೇ ಸುಮ್ಮನಾಗಿದ್ದವು. ಡೋಣಿ ಹೊಳೆ ತನ್ನ ದಾರಿಯನ್ನು ತಾನೇ ಹುಡುಕುತ್ತ ಹರಿಯುತ್ತಿತ್ತು.

ಹೊಳೆಯ ದಂಡೆಯಲ್ಲಿ ಕರಿಯವ್ವ ಎಂಬ ಕಲ್ಲು ಕೂತಿದ್ದಳು. ಬೆಂಕಿಯಲ್ಲಿ ಕುದಿಯುವಾಗ ಎದ್ದ ಗುಳ್ಳೆಗಳಿಂದ ಅವಳ ಮೈಯೆಲ್ಲ ತೂತು. ಎದುರಿಗೆ ಕೆಂಪಣ್ಣ ಎಂಬ ನುಣುಪು ಬಂಡೆ.

“ಏನು ಕರಿಯವ್ವಾ, ನಿನ್ನನ್ನು ಇರುವೆ ಕೊರೆದವೋ, ಗೆದ್ದಲು ತಿಂದವೋ?” ಎಂದು ಅವನು ದಿನವೂ ಕೇಳುತ್ತಿದ್ದ.

ಕರಿಯವ್ವನಿಗೆ ಮಾನವೇ ದೊಡ್ಡದು. ಬೆಳಗಾದರೆ ಹೊಳೆಯ ಮಣ್ಣನ್ನು ಕರೆಯುವಳು. “ಅಲ್ಲೊಂದು ಬಿಟ್ಟಿದ್ದೀಯ, ಸರಿಯಾಗಿ ಮೆತ್ತು,” ಎನ್ನುವಳು. ಮಣ್ಣು ಒಣಗಿದರೆ ಅವಳೂ ನುಣುಪು. ಆಮೇಲೆ ತಲೆ ಎತ್ತಿ ಕೂರುವಳು.

ಒಂದು ದಿನ ಬೆಂಕಿಬೆಟ್ಟ ಕೊನೆಯ ಬಾರಿ ನಿಟ್ಟುಸಿರು ಬಿಟ್ಟಿತು. ಕಣ್ಣಿಗೆ ಕಾಣದ, ಭಾರವಾದ ಉಸಿರು. ನಾವು ಹೊರಗೆ ಬಿಡುವ ಉಸಿರಿನಲ್ಲಿಯೂ ಅದಿದೆ. ಪಾಠದ ಪುಸ್ತಕದಲ್ಲಿ ಅದರ ಹೆಸರು ಇಂಗಾಲದ ಡೈಆಕ್ಸೈಡ್. ಅದು ಇಳಿದು ಇಳಿದು, ಹೊಳೆಯ ಪಕ್ಕದ ತಗ್ಗಿನಲ್ಲಿ ತುಂಬಿ ನಿಂತಿತು.

ಆ ತಗ್ಗಿನಲ್ಲಿ ಗೌಜುಗ ಹಕ್ಕಿಯ ಐದು ಮರಿಗಳಿದ್ದವು. ಆಗಷ್ಟೇ ಮೊಟ್ಟೆಯೊಡೆದು ಬಂದವು. ಉಸಿರಾಡಲಾಗದೆ ಬಾಯಿ ಬಾಯಿ ಬಿಟ್ಟವು.

“ಎಲ್ಲಿಗಾದರೂ ಹೋಗು!” ಎಂದು ತಾಯಿ ಗೌಜುಗ ಚೀರಿತು.

“ಎಲ್ಲಿಗೆ ಹೋಗಲಿ? ನನ್ನನ್ನು ಯಾರೂ ಒಳಗೆ ಕರೆಯುವುದಿಲ್ಲ,” ಎಂದಿತು ಬೆಟ್ಟದ ಉಸಿರು.

ಗಾಳಿ ಅದನ್ನು ಎತ್ತಲು ನೋಡಿ ಸೋತಿತು. “ನನ್ನಲ್ಲಿ ಸೂಜಿಮೊನೆಯಷ್ಟೂ ಜಾಗವಿಲ್ಲ,” ಎಂದ ಕೆಂಪಣ್ಣ.

ಜಾಗ ಎಲ್ಲಿದೆ ಎಂದು ಕರಿಯವ್ವನಿಗೆ ಗೊತ್ತಿತ್ತು. ಮೆತ್ತಿದ ಮಣ್ಣಿನ ಹಿಂದೆ ನೂರಾರು ಕೋಣೆಗಳು. ಆದರೆ ಅವನ್ನು ಈ ಕೆಂಪಣ್ಣನ ಮುಂದೆ ತೆರೆಯುವುದೇ?

ಅಷ್ಟರಲ್ಲಿ ಒಂದು ಮರಿ ಕತ್ತು ವಾಲಿಸಿತು.

“ಡೋಣಿ, ಬಾ ಇಲ್ಲಿ. ನನ್ನ ಮೈ ತೊಳೆ. ಒಂದು ತೂತನ್ನೂ ಬಿಡಬೇಡ.”

“ಕೆಂಪಣ್ಣ ನೋಡುತ್ತಾನಲ್ಲೇ?”

“ಕಣ್ಣಿದ್ದವರು ನೋಡಲಿ.”

ಹೊಳೆ ಉಜ್ಜಿ ಉಜ್ಜಿ ತೊಳೆಯಿತು. ಕೋಣೆಗಳೆಲ್ಲ ಬಾಗಿಲು ತೆರೆದವು. ಆಮೇಲೆ ಹೊಳೆ ತಗ್ಗಿನ ಅಂಚಿಗೆ ಹಾಯ್ದು, ಬೆಟ್ಟದ ಉಸಿರನ್ನು ತನ್ನ ನೀರಿನಲ್ಲಿ ಕರಗಿಸಿಕೊಂಡು ತಂದಿತು.

“ಅವ್ವಾ, ಒಳಗೆ ಬರಲೇ?” ಎಂದು ಉಸಿರು ಅಂಜುತ್ತ ಕೇಳಿತು.

“ಬಾ. ನೂಕಾಡಬಾರದು. ಒಂದೊಂದು ಕೋಣೆಗೆ ಸ್ವಲ್ಪ ಸ್ವಲ್ಪವೇ ಹೋಗಬೇಕು. ಒಳಗೆ ಹೋದ ಮೇಲೆ ಅಲೆಯುವ ಬುದ್ಧಿ ಬಿಡಬೇಕು.”

ಕರಿಯವ್ವ ತನ್ನ ಮೈಯಲ್ಲಿದ್ದ ಸುಣ್ಣವನ್ನು ಕೋಣೆಗೊಂದು ಚಿಟಿಕೆಯಂತೆ ಇಟ್ಟಳು. ಉಸಿರು ಅದನ್ನು ಅಪ್ಪಿ ಕೂತಿತು. ಕೂತಲ್ಲೇ ಗಟ್ಟಿಯಾಯಿತು. ಬಿಳಿ ಹರಳಾಯಿತು.

ತಗ್ಗು ತಿಳಿಯಾಯಿತು. ನಾಲ್ಕು ಮರಿಗಳು ಎದ್ದು ಓಡಿದವು. ಐದನೆಯದು ಕತ್ತೆತ್ತಿ, “ಹಸಿವು,” ಎಂದಿತು.

ಕೆಂಪಣ್ಣ ಆ ಹರಳುಗಳನ್ನೇ ನೋಡಿದ. ಆಮೇಲೆ ಮೆಲ್ಲಗೆ, “ಕರಿಯವ್ವಾ, ನನ್ನ ಮೈಯಲ್ಲೂ ಒಂದೆರಡು ತೂತು ಆದಾವೇ?” ಎಂದ.

“ಅದಕ್ಕೆ ಕುದಿಯಬೇಕಪ್ಪಾ.”

ಮರುದಿನ ಬೆಳಗ್ಗೆ ಮಣ್ಣು ಬಂದು, “ಮೆತ್ತಲೇ?” ಎಂದಿತು.

“ದೂರ ನಿಲ್ಲು,” ಎಂದಳು ಕರಿಯವ್ವ. “ಹರಳಿಗೆ ಕೊಳೆ ತಾಗೀತು.”

ಇವತ್ತಿಗೂ ಡೋಣಿಯ ದಂಡೆಯಲ್ಲಿ ಕರಿಕಲ್ಲೊಂದನ್ನು ಎತ್ತಿ ನೋಡಿದರೆ ಅದರ ತೂತುಗಳಲ್ಲಿ ಬಿಳಿ ಹರಳು ಹೊಳೆಯುವುದು ಅದಕ್ಕೇ. ಕರಿಯವ್ವನ ಮಾತು ಮೀರದೆ ಹೊಳೆ ಅವನ್ನು ಈಗಲೂ ತೊಳೆದೇ ಇಡುತ್ತದೆ.