ದೊಡ್ಡ ಹಾಡಿನ ಒಂದು ನಿಮಿಷ

ಹೊಳೆಯ ದಂಡೆಯಲ್ಲಿ ರೂಬೆನ್ ಮೇಷ್ಟ್ರ ಮನೆ. ಒಂದು ಕೋಣೆ, ಒಂದು ಚಾಪೆ, ಎರಡು ಎಲೆಕ್ಟ್ರಿಕ್ ಗಿಟಾರ್, ಬಟ್ಟೆ ಹೊದಿಸಿಟ್ಟ, ಗಿಟಾರಿನ ಸದ್ದು ಏರಿಸುವ ಒಂದು ಆಂಪ್. ಇದನ್ನು ಆಶ್ರಮ ಅನ್ನಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಚಪ್ಪಲಿಯನ್ನಂತೂ ಹೊರಗೇ ಬಿಡಬೇಕಿತ್ತು.

ಮೇಷ್ಟ್ರು ಪ್ರಾಯದಲ್ಲಿ ಹಡಗುಗಳ ಮೇಲೆ ಬ್ಯಾಂಡ್ ನುಡಿಸಿದವರು. ಅರವತ್ತು ದಾಟಿದ ಮೇಲೆ ಊರಿಗೆ ಬಂದು ಪಾಠ ಹೇಳಲು ಕೂತರು.

ಅವರ ಹತ್ತಿರ ಬರುವವರೆಲ್ಲ ಒಂದೇ ಹಾಡಿಗಾಗಿ ಬರುತ್ತಿದ್ದರು. ಐವತ್ತು ವರ್ಷ ಹಳೆಯ ಇಂಗ್ಲಿಷ್ ರಾಕ್ ಹಾಡು. ಅದಕ್ಕೆ ಹೆಸರಿತ್ತು, ಆದರೆ ಆ ಮನೆಯಲ್ಲಿ ಎಲ್ಲರೂ ದೊಡ್ಡ ಹಾಡು ಅಂತಲೇ ಅನ್ನುತ್ತಿದ್ದರು.

ದೊಡ್ಡ ಹಾಡಿನ ನಡುವೆ ಹಾಡುಗಾರ ಸುಮ್ಮನಾಗುತ್ತಾನೆ. ಒಂದು ನಿಮಿಷ ಒಂದೇ ಒಂದು ಗಿಟಾರ್ ಮಾತಾಡುತ್ತದೆ. ಅದೇ ಸೋಲೋ. ಆಗ ಮಿಕ್ಕ ಗಿಟಾರಿನವರು ಹಿಂದೆ ನಿಂತು ನಾಲ್ಕು ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛ, ಬಾರಿಸುತ್ತಿರಬೇಕು.

ಜನವರಿಯ ಮೊದಲ ಭಾನುವಾರ ಚರ್ಚ್ ಹಾಲಿನಲ್ಲಿ ಶಿಷ್ಯರೆಲ್ಲ ಸೇರಿ ಅದನ್ನು ನುಡಿಸುವುದು ವಾಡಿಕೆ. ಸೋಲೋ ಯಾರದ್ದು ಅಂತ ಮೇಷ್ಟ್ರೇ ಹೇಳುತ್ತಿದ್ದರು. ಅಷ್ಟೂ ವರ್ಷ ನುಡಿಸುತ್ತಿದ್ದ ಹಳೆಯ ಶಿಷ್ಯನಿಗೆ ಬೇರೆ ಊರಿಗೆ ವರ್ಗವಾಯಿತು. ಈ ಸಲ ಆ ಜಾಗ ಖಾಲಿ.

ಆ ಒಂದು ನಿಮಿಷ ತನ್ನದಾಗಬೇಕು ಅಂತ ಚೆಲುವರಾಜು ಮೂರು ವರ್ಷದಿಂದ ಕಾದಿದ್ದ.

ಚೆಲುವರಾಜು ಪ್ಲೈವುಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಶನಿವಾರ ನಾಲ್ಕು ಗಂಟೆಗೆ ಅಂಗಡಿಯಿಂದ ಬಿಡಿಸಿಕೊಂಡು, ಕೂದಲಲ್ಲಿ ಮರದ ಪುಡಿ ಇಟ್ಟುಕೊಂಡೇ ಬರುತ್ತಿದ್ದ. ನಾಲ್ಕು ಕಾರ್ಡ್ ಅವನಿಗೆ ನಿದ್ದೆಗಣ್ಣಲ್ಲೂ ಬರುತ್ತಿದ್ದವು.

"ಸಾರ್, ನನಗೆ ಸೋಲೋ ಯಾವಾಗ?"

ಮೇಷ್ಟ್ರು ಕಿಟಕಿಯಾಚೆ ನೋಡಿದರು. "ಹೊಳೆ ಮಧ್ಯ ಇರೋ ಬಂಡೆ ನೀರನ್ನ ಏನಾದ್ರೂ ಕೇಳುತ್ತಾ?"

ಚೆಲುವರಾಜು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ವಾರವಿಡೀ ಪ್ಲೈವುಡ್ ಅಳೆಯುತ್ತ ಯೋಚಿಸಿದ. ತಾಳ್ಮೆ ಇರಲಿ ಅಂತ ಹೇಳಿದ್ದಿರಬೇಕು ಅಂದುಕೊಂಡ.

ಮುಂದಿನ ತಿಂಗಳು ಮತ್ತೆ ಕೇಳಿದ.

"ಬಟ್ಟೆ ಒಗೆಯೋಳು ಕಲ್ಲು ನೋಡ್ತಾಳೆ. ಮೀನು ಹಿಡಿಯೋನು ನೀರು ನೋಡ್ತಾನೆ," ಅಂದರು ಮೇಷ್ಟ್ರು.

ಅದನ್ನೂ ಬರೆದುಕೊಂಡ. ಎಷ್ಟು ತಲೆ ಕೆರೆದುಕೊಂಡರೂ ಏನೂ ಹೊಳೆಯಲಿಲ್ಲ. ಆದ್ದರಿಂದ ಇದು ಮೊದಲನೆಯದಕ್ಕಿಂತ ಆಳವಾದದ್ದು ಅಂತ ತೀರ್ಮಾನಿಸಿದ.

ಇನ್ನೊಂದು ಸಂಗತಿ. ಮೇಷ್ಟ್ರು ಅವನ ಎದುರು ಒಮ್ಮೆಯೂ ಗಿಟಾರ್ ಮುಟ್ಟಿದವರಲ್ಲ. ಗೋಡೆಗೊರಗಿ ಕೂತು, ಗಿಟಾರಿನ ಕತ್ತಿನ ಮೇಲಿನ ಯಾವ ಪಟ್ಟಿಗೆ ಯಾವ ಬೆರಳು ಅಂತ ಬಾಯಲ್ಲೇ ಹೇಳುತ್ತಿದ್ದರು: ಮೂರನೇ ಫ್ರೆಟ್, ತೋರುಬೆರಳು, ಒತ್ತು, ಬಿಡು. ದೊಡ್ಡ ವಿದ್ವಾಂಸರೆಲ್ಲ ಹೀಗೇ ಇರುತ್ತಾರೆ ಅಂತ ಚೆಲುವರಾಜು ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಜೂನ್ ತಿಂಗಳಲ್ಲಿ ಶಾಹೀನ ಬಂದಳು. ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಅವನ ಪಾಠ ಮುಗಿದ ಮೇಲೆ, ಐದು ಗಂಟೆಗೆ ಅವಳ ಪಾಠ.

ಮೊದಮೊದಲು ಅವನೇ ಅವಳಿಗೆ ಬುದ್ಧಿ ಹೇಳಿದ. "ಅವಸರ ಮಾಡ್ಬೇಡಮ್ಮ. ಇಲ್ಲಿ ಎಲ್ಲ ನಿಧಾನ. ನಾನೇ ಮೂರು ವರ್ಷದಿಂದ ಕಾರ್ಡ್‌ನಲ್ಲಿದ್ದೀನಿ."

"ಆಯ್ತು ಚೆಲುವಣ್ಣ," ಅಂದಳು.

ಸೆಪ್ಟೆಂಬರಿನ ಒಂದು ಶನಿವಾರ ಚೆಲುವರಾಜು ಊಟದ ಡಬ್ಬಿ ಮರೆತು ಹೋಗಿ, ಅರ್ಧ ದಾರಿಯಿಂದ ವಾಪಸು ಬಂದ. ಕಿಟಕಿಯಲ್ಲಿ ಕಣ್ಣು ಹಾಯಿಸಿದವನು ಅಲ್ಲೇ ನಿಂತುಬಿಟ್ಟ.

ಮೇಷ್ಟ್ರ ತೊಡೆಯ ಮೇಲೆ ಗಿಟಾರ್ ಇತ್ತು.

ಅವರು ನುಡಿಸಿ ತೋರಿಸುತ್ತಿದ್ದರು. ಶಾಹೀನ ನೋಡಿ ನುಡಿಸುತ್ತಿದ್ದಳು. ಅದು ನಾಲ್ಕು ಕಾರ್ಡ್ ಅಲ್ಲ, ಸೋಲೋ.

ಮೂರು ವರ್ಷ ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ಚೆಲುವರಾಜು. ಮೂರು ತಿಂಗಳಿಗೆ ಸೋಲೋ ಅವಳಿಗೆ, ಅದೂ ಮೇಷ್ಟ್ರ ಸ್ವಂತ ಕೈಯಿಂದ. ಡಬ್ಬಿ ತೆಗೆದುಕೊಳ್ಳದೆಯೇ ಮನೆಗೆ ಹೋದ.

ಹೆಣ್ಣುಮಗಳು ಅಂತ ಕರುಣೆ ಇರಬೇಕು ಅಂದುಕೊಂಡ. ಓದಿದವಳು ಅಂತ ಮರ್ಯಾದೆ ಇರಬೇಕು ಅಂದುಕೊಂಡ. ಅವಳಿಗೆ ಚೆನ್ನಾಗಿ ಬರುತ್ತಿರಬಹುದು ಅನ್ನುವುದೊಂದನ್ನು ಮಾತ್ರ ಹತ್ತಿರ ಸುಳಿಯಲು ಬಿಡಲಿಲ್ಲ.

ಅಂದಿನಿಂದ ಅವಳು ಮಾಡಿದ್ದೆಲ್ಲ ಅವನಿಗೆ ತಪ್ಪಾಗಿ ಕಂಡಿತು. ಚಪ್ಪಲಿಯನ್ನು ಜೋಡಿಸಿ ಬಿಟ್ಟರೆ, ಏನು ನಾಟಕ ಅನ್ನಿಸಿತು. ನಕ್ಕರೆ, ಗೆದ್ದೆ ಅಂತ ನಗುತ್ತಾಳೆ ಅನ್ನಿಸಿತು.

"ಚೆಲುವಣ್ಣ, ನಿಮ್ಮ ಕಾರ್ಡ್ ಗಡಿಯಾರ ಇದ್ದಂಗೆ ಅಂತ ಸಾರ್ ಹೇಳ್ತಿರ್ತಾರೆ," ಅಂದಳು ಒಂದು ದಿನ.

ಗಡಿಯಾರವಂತೆ. ಗೋಡೆಗೆ ನೇತುಹಾಕಿ ಮರೆತುಬಿಡುವ ವಸ್ತು. ಅವನು ಸೈಕಲ್ ಹತ್ತಿದ.

ಹತ್ತಿದವನು ಮನೆಗೆ ಹೋಗಲಿಲ್ಲ. ಒಂದು ಸುತ್ತು ಹಾಕಿ ಬಂದು, ಕಿಟಕಿಯ ಪಕ್ಕದ ಸೀಬೆ ಮರದ ಹಿಂದೆ ಕೂತ. ಮುಂದಿನ ಶನಿವಾರವೂ ಕೂತ. ಅದೇ ರೂಢಿಯಾಯಿತು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಪಾಠ ಸರಿಯಾಗಿ ಕೂರುವ ತನಕ ಗಿಟಾರಿಗೆ ಕರೆಂಟಿಲ್ಲ. "ತಪ್ಪನ್ನ ಯಾಕೆ ಊರಿಗೆಲ್ಲ ಕೇಳಿಸ್ತೀರ?" ಅನ್ನುತ್ತಿದ್ದರು ಮೇಷ್ಟ್ರು. ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರ್ ಎಷ್ಟು ಸದ್ದು ಮಾಡೀತು? ಸೀಬೆ ಮರದ ಹತ್ತಿರಕ್ಕೆ ಒಂದು ಸ್ವರವೂ ನೆಟ್ಟಗೆ ಕೇಳುತ್ತಿರಲಿಲ್ಲ.

ಅದಕ್ಕೆ ಚೆಲುವರಾಜು ಕಣ್ಣಿನಿಂದ ಕದಿಯಲು ಶುರು ಮಾಡಿದ. ಶಾಹೀನಳ ಎಡಗೈ ಎಲ್ಲಿ ಹೋಯಿತು, ಯಾವ ಬೆರಳು ಯಾವ ತಂತಿಗೆ ಬಿತ್ತು, ಎಲ್ಲ ನೋಡಿ ನೆನಪಿಟ್ಟುಕೊಂಡು, ಮನೆಗೆ ಹೋಗಿ ಹಾಗೇ ನುಡಿಸಿದ. ಹಾಡಿನ ರಾಗ ಹೇಗೂ ಬಾಯಿಪಾಠ.

ಫೋನಿನಲ್ಲಿ ಆ ಸೋಲೋ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದರು. ಅದು ಅವನಿಗೆ ಬೇಡವಾಗಿತ್ತು. ಮೇಷ್ಟ್ರು ಅವಳಿಗೆ ಕೊಟ್ಟದ್ದೇ ಬೇಕಾಗಿತ್ತು.

ಸೋಲೋದ ತುದಿಯಲ್ಲಿ ಒಂದು ವಿಚಿತ್ರ ಜಾಗ ಇತ್ತು. ಶಾಹೀನಳ ಕೈ ಇದ್ದಕ್ಕಿದ್ದಂತೆ ಪೂರ್ತಿ ಕೆಳಗೆ ಹಾರಿ, ಪಕ್ಕದ ತಂತಿಯ ಮೇಲೆ ಜಾರಿಕೊಂಡು ಮತ್ತೆ ಮೇಲಕ್ಕೆ ಬರುತ್ತಿತ್ತು. ಫೋನಿನಲ್ಲಿ ಯಾರೊಬ್ಬರೂ ಹಾಗೆ ಮಾಡುತ್ತಿರಲಿಲ್ಲ. ಇದೇ ಮೇಷ್ಟ್ರ ಗುಟ್ಟು ಅಂತ ಚೆಲುವರಾಜುವಿಗೆ ಖಾತ್ರಿಯಾಯಿತು. ಆ ಹಾರುವಿಕೆ ಒಲಿಯಲು ಒಂದೂವರೆ ತಿಂಗಳು ಹಿಡಿಯಿತು, ಮಣಿಕಟ್ಟು ಊದಿಕೊಂಡಿತು. ಅಂಗಡಿಯಲ್ಲಿ ಕೇಳಿದವರಿಗೆ ಪ್ಲೈವುಡ್ ಎತ್ತಿ ಹೀಗಾಯಿತು ಅಂದ.

ಡಿಸೆಂಬರಿನಲ್ಲಿ ಮೇಷ್ಟ್ರು ಶಿಷ್ಯರನ್ನೆಲ್ಲ ಕೂರಿಸಿಕೊಂಡು ಹೇಳಿದರು. "ಈ ವರ್ಷ ಸೋಲೋ ಶಾಹೀನಂದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಚೆಲುವರಾಜುವೂ ತಟ್ಟಿದ. ತಟ್ಟದಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತಲ್ಲ.

ಮುಂದಿನ ಶನಿವಾರ ಅವನು ಚಾಪೆಯ ಮೇಲೆ ಕೂರಲಿಲ್ಲ. ಸೀದಾ ಹೋಗಿ ಆಂಪ್ ಮೇಲಿನ ಬಟ್ಟೆ ಎಳೆದು ಹಾಕಿದ. ವೈರ್ ಚುಚ್ಚಿದ. ವಾಲ್ಯೂಮ್ ತಿರುಗಿಸಿದ.

"ಏನಯ್ಯ ಇದು?" ಅಂದರು ಮೇಷ್ಟ್ರು.

"ಕೇಳಿ ಸಾರ್. ಆಮೇಲೆ ಹೇಳಿ."

ನುಡಿಸಿದ. ಪೂರ್ತಿ ಒಂದು ನಿಮಿಷ. ಹೊಳೆಯಲ್ಲಿ ಹರಿಗೋಲಿನವನು ತಿರುಗಿ ನೋಡುವಷ್ಟು ಜೋರಾಗಿ ನುಡಿಸಿದ. ಎಲ್ಲೂ ತಪ್ಪಲಿಲ್ಲ. ತುದಿಯ ಆ ಜಾಗದಲ್ಲಿ ಕೈ ಹಾರಿತು, ಜಾರಿತು, ಸರಿಯಾಗಿ ಮೇಲಕ್ಕೆ ಬಂತು.

ಸದ್ದು ನಿಂತ ಮೇಲೆ ಅವನು ಮೇಷ್ಟ್ರ ಮುಖ ನೋಡಿದ. ಆ ಮುಖದಲ್ಲಿ ಒಂದು ಸಲ ಮೆಚ್ಚುಗೆ ಕಂಡರೆ ಸಾಕಾಗಿತ್ತು ಅವನಿಗೆ.

"ನಿನ್ನ ಕಿರುಬೆರಳಿಗೆ ಏನಾಗಿದೆ?" ಅಂತ ಮೇಷ್ಟ್ರು ಕೇಳಿದರು.

ಚೆಲುವರಾಜು ತನ್ನ ಎಡಗೈ ನೋಡಿಕೊಂಡ. ಕಿರುಬೆರಳು ಚೆನ್ನಾಗಿಯೇ ಇತ್ತು. "ಏನೂ ಆಗಿಲ್ಲ ಸಾರ್."

"ಮತ್ತೆ ಒಂದು ಸಲವೂ ಅದನ್ನ ತಂತಿಗೆ ಮುಟ್ಟಿಸಲೇ ಇಲ್ಲ?"

ಬಾಗಿಲಲ್ಲಿ ಶಾಹೀನ ನಿಂತಿದ್ದಳು. ಅವತ್ತು ಬೇಗ ಬಂದಿದ್ದಳು, ಒಂದು ಕಾಲಿನ ಚಪ್ಪಲಿ ಇನ್ನೂ ಬಿಟ್ಟಿರಲಿಲ್ಲ. ಅವಳು ತನ್ನ ಎಡಗೈ ಮುಂದೆ ಚಾಚಿದಳು.

"ಚೆಲುವಣ್ಣ, ಚಿಕ್ಕೋಳಿದ್ದಾಗ ಬಾಗಿಲಿಗೆ ಸಿಕ್ಕಿ ನನ್ನ ಈ ಬೆರಳು ಹೋಯ್ತು. ಮಡಚೋಕಾಗಲ್ಲ. ಅದಕ್ಕೇ ಸಾರ್ ನನಗೆ ಮೂರೇ ಬೆರಳಲ್ಲಿ ಆ ದಾರಿ ಹೇಳಿಕೊಟ್ಟಿದ್ದು. ನಿಮಗ್ಯಾಕೆ ಆ ಕಷ್ಟ?"

ಅವಳ ಕಿರುಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು. ಮೂರು ತಿಂಗಳು ಅವನು ಆ ಕೈಯೊಂದನ್ನೇ ನೋಡಿದ್ದ. ಆ ಬೆರಳು ಹಾಗಿರುವುದು ಸ್ಟೈಲ್ ಅಂದುಕೊಂಡಿದ್ದ.

"ನೀವು ಸೀಬೆ ಮರದ ಹತ್ತಿರ ಕೂತಿರೋದು ನೋಡಿದ್ದೆ," ಅಂದಳು ಶಾಹೀನ ಮೆಲ್ಲಗೆ. "ಹಣ್ಣಿಗೆ ಬಂದಿರ್ಬೇಕು ಅಂದ್ಕೊಂಡೆ."

ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಶಾಹೀನ ಚಪ್ಪಲಿ ಹಾಕಿಕೊಂಡು ಹೊಳೆಯ ಮೆಟ್ಟಿಲ ಕಡೆ ಹೋದಳು.

ಚೆಲುವರಾಜು ಆಂಪ್ ಆರಿಸಿದ. ನಾಚಿಕೆ ಆಗಿತ್ತು, ನಿಜ. ಆದರೆ ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ.

"ಅವಳ ದಾರಿ ಅವಳಿಗಿರಲಿ ಸಾರ್. ಕಿರುಬೆರಳು ಇರೋನಿಗೆ ಯಾವ ದಾರಿ, ಅದನ್ನ ತೋರಿಸಿ. ಅವಳಿಗೆ ತೋರಿಸಿದ ಹಾಗೆ, ಕೈಯಲ್ಲಿ."

ಮೇಷ್ಟ್ರು ಗಿಟಾರ್ ತೆಗೆದುಕೊಂಡರು. ಮೂರು ಬೆರಳು ತಂತಿಯ ಮೇಲೆ ಕೂತವು. ಕಿರುಬೆರಳಿನ ಗೆಣ್ಣು ಅಡಿಕೆಯಷ್ಟು ಊದಿತ್ತು. ಅದನ್ನು ಚಾಚಿದರು. ಅದು ನಡುಗಿ ತಂತಿಯಿಂದ ಕೆಳಗೆ ಜಾರಿತು. ಮತ್ತೆ ಚಾಚಿದರು. ಮತ್ತೆ ಜಾರಿತು.

"ಈ ಬೆರಳು ಕೈಕೊಟ್ಟು ಆರು ವರ್ಷ ಆಯ್ತು," ಅಂದರು. "ಆ ಹುಡುಗಿಗೆ ಹೇಳಿಕೊಟ್ಟೆನಲ್ಲ, ಅದು ನನಗೋಸ್ಕರ ನಾನು ಹುಡುಕ್ಕೊಂಡ ದಾರಿ. ತೋರಿಸೋಕೆ ನನ್ನ ಹತ್ತಿರ ಇರೋದು ಅದೊಂದೇ."

ಚೆಲುವರಾಜು ಆ ಗೆಣ್ಣನ್ನೇ ನೋಡಿದ. ಮೂರು ವರ್ಷ ಅದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಬಾಯಲ್ಲಿ ಹೇಳಬಹುದಿತ್ತಲ್ಲ ಸಾರ್? ಕಾರ್ಡೆಲ್ಲ ಬಾಯಲ್ಲೇ ಹೇಳಿದ್ರಿ."

"ಹೇಳಬಹುದಿತ್ತು."

"ನಾನು ಕೇಳಿದಾಗೆಲ್ಲ ಬಂಡೆ ಅಂದ್ರಿ, ನೀರು ಅಂದ್ರಿ, ಮೀನು ಅಂದ್ರಿ. ಎಲ್ಲ ಬರ್ಕೊಂಡಿದ್ದೀನಿ. ಎಷ್ಟು ಯೋಚನೆ ಮಾಡಿದೀನಿ ಗೊತ್ತಾ ನಿಮಗೆ?"

"ಅದಕ್ಕೆಲ್ಲ ಅರ್ಥ ಇಲ್ಲ ಕಣಯ್ಯ. ಕಿಟಕಿಯಲ್ಲಿ ಏನು ಕಾಣಿಸ್ತೋ ಅದನ್ನ ಹೇಳ್ದೆ. ನೀನು ಎದ್ದು ಹೋದರೆ ಸಾಕಿತ್ತು."

"ಯಾಕೆ ಸಾರ್? ನಾನೇನು ಮಾಡಿದ್ದೆ?"

ಮೇಷ್ಟ್ರು ಗಿಟಾರನ್ನು ಅವನ ತೊಡೆಯ ಮೇಲಿಟ್ಟರು. ಅವನ ಎಡಗೈ ಹಿಡಿದು, ಕಿರುಬೆರಳನ್ನು ಒಂದು ಸಲ ಮಡಚಿದರು, ಒಂದು ಸಲ ಬಿಡಿಸಿದರು. ಅದು ಹೇಳಿದ ಹಾಗೆ ಕೇಳಿತು.

"ಮೊದಲನೇ ದಿನ ನಿನಗೆ ಗಿಟಾರ್ ಹಿಡಿಯೋಕೂ ಬರ್ತಿರಲಿಲ್ಲ. ಆದ್ರೂ ಈ ಬೆರಳು ತಾನಾಗೇ ಹೋಗಿ ತಂತಿ ಮೇಲೆ ಕೂತ್ಕೊಂಡಿತು. ಅವತ್ತು ನನಗೆ ಊಟ ಸೇರಲಿಲ್ಲ. ನಿನಗೆ ಸೋಲೋ ಬಂದ್ರೆ ಅದನ್ನ ಕೇಳ್ಕೊಂಡು ಈ ಮನೇಲಿ ಹೇಗಿರೋದು ಅಂತ ಭಯ ಆಯ್ತು."

ಆ ಭಯ ಹೇಗಿರುತ್ತದೆ ಅಂತ ಚೆಲುವರಾಜುವಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಶಾಹೀನ ಕಾಯುತ್ತಿದ್ದಳು.

"ಚರ್ಚ್ ಹಾಲಲ್ಲಿ ಅವಳೇ ನುಡಿಸಲಿ ಸಾರ್," ಅಂದ.

"ಅವಳೇ ನುಡಿಸ್ತಾಳೆ. ನೀನೀಗ ಹದಿನೈದನೇ ಫ್ರೆಟ್‌ಗೆ ಕಿರುಬೆರಳು ಇಡು. ನಾನು ಮುಖ ಆ ಕಡೆ ತಿರುಗಿಸ್ಕೊಂಡ್ರೂ ನಿಲ್ಲಿಸ್ಬೇಡ."